ಕೆರೆಯಂಗಳದ ಹುಲ್ಲು

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಚಿಕ್ಕ ಪ್ರಾಣಿ ಉದ್ಯಾನವಿದೆ. ಚುಕ್ಕೆ ಜಿಂಕೆಗಳು, ಒಂದಷ್ಟು ನವಿಲು, ಅಷ್ಟೇ. ಭಾವ ತೀರಿಕೊಂಡ ಮೇಲೆ ನನ್ನ ಅಕ್ಕ ಅಲ್ಲಿ ಜಿಂಕೆಗಳಿಗೆ ಮೇವು ಹಾಕುವ ಕೆಲಸಕ್ಕೆ ಸೇರಿದಳು. ನಾನು ಕೊರಟಗೆರೆಯಲ್ಲಿ ಪಶುವೈದ್ಯ.

ಅಲ್ಲಿ ಕೊಡುತ್ತಿದ್ದದ್ದು ಒಣ ಜೋಳದ ಕಡ್ಡಿ, ಒಂದಿಷ್ಟು ಹಿಂಡಿ. ಜಿಂಕೆಗಳು ಕಡ್ಡಿಯನ್ನು ಮೂಸಿ ಬಿಟ್ಟು ಹೋಗುವುದನ್ನು ಅಕ್ಕನಿಂದ ನೋಡಲಾಗುತ್ತಿರಲಿಲ್ಲ. ಮುಂಗಾರು ಬಿದ್ದು ಊರ ಕೆರೆಯಂಗಳ ಹಸಿರಾದದ್ದೇ, ಕೆಲಸಕ್ಕೆ ಬರುವಾಗ ಒಂದು ಹೊರೆ ಎಳೆ ಹುಲ್ಲು ಕೊಯ್ದು ತರತೊಡಗಿದಳು. ಒಂದು ಭಾನುವಾರ ನಾನು ಹೋದಾಗ ಹೆಣ್ಣು ಜಿಂಕೆಯೊಂದು ಅವಳ ಮಡಿಲಿಗೇ ಮೂತಿಯಿಟ್ಟು ಮೇಯುತ್ತಿತ್ತು. "ನಿಂಗಿಲ್ಲಿ ಒಳ್ಳೇ ಸಂಸಾರ ಆಯ್ತು ಕಣಕ್ಕ" ಎಂದೆ. ಅವಳು ನಕ್ಕಳು. ಅದೇ ಬೆಳಿಗ್ಗೆ ಆ ಕೆರೆಯ ಹತ್ತಿರ ಕುರಿಮಂದೆ ಅಡ್ಡ ಬಂದು ನನ್ನ ಬೈಕು ನಿಂತಿತ್ತು. ಎರಡನ್ನೂ ಸೇರಿಸಿ ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಕೆಲವು ವಾರಗಳ ಮೇಲೆ ಅಕ್ಕನ ಫೋನು.

"ಲೇ, ಆ ಹೆಣ್ಣು ಜಿಂಕೆ ಮೇಲಕ್ಕೇ ಏಳ್ತಿಲ್ಲ ಕಣ್ಲಾ. ಗದ್ದ ಊದ್ಕಂಡೈತೆ."

ಗದ್ದ ಊದಿದೆ ಎಂದೊಡನೆ ನನಗೆ ಗೊತ್ತಾಯಿತು. ಮಳೆಗಾಲದಲ್ಲಿ ಕುರಿಗಳಲ್ಲಿ ದಿನಾ ನೋಡುವ ಕಾಯಿಲೆ. ನಾನು ತಲುಪುವ ಹೊತ್ತಿಗೆ ಜಿಂಕೆ ಸತ್ತಿತ್ತು. ರೆಪ್ಪೆಯ ಒಳಭಾಗ ಸುಣ್ಣದಂತೆ ಬಿಳಿಚಿತ್ತು. ಹೊಟ್ಟೆ ಕೊಯ್ದೆ. ಜಠರದ ತುಂಬ ಕೆಂಪು ನೂಲಿನಂಥ ಹುಳುಗಳು.

ಅಕ್ಕ ಪಕ್ಕದಲ್ಲೇ ನಿಂತಿದ್ದಳು. "ಏನ್ಲಾ ಅವು?"

"ಜಂತುಹುಳ ಕಣಕ್ಕ. ರಕ್ತ ಕುಡೀತವೆ. ಕುರಿ ಹೊಟ್ಟೇಲಿರೋವು."

"ಬೇಲಿ ಒಳಕ್ಕೆ ಕುರಿ ಎಲ್ಲಿ ಬಂದ್ವು?"

ಸುಮ್ಮನಿರಬಹುದಿತ್ತು. ಆದರೆ ಉಳಿದ ಜಿಂಕೆಗಳಿದ್ದವು. ಕುರಿ ಹಿಕ್ಕೆಯಿಂದ ಮರಿಹುಳಗಳು ಒದ್ದೆ ಹುಲ್ಲಿಗೆ ಹತ್ತುತ್ತವೆ, ಆ ಹುಲ್ಲಿನ ಜೊತೆ ಹೊಟ್ಟೆ ಸೇರುತ್ತವೆ ಎಂದು ಹೇಳಿದೆ. ಅಕ್ಕ ತನ್ನ ಅಂಗೈ ನೋಡಿಕೊಂಡಳು.

"ಅಂಗಾರೆ ನಾನೇ ತಂದು ತಿನ್ನಿಸ್ಬುಟ್ನಾ?"

"ನಾನೂ ನೋಡಿದ್ದೆ ಅಕ್ಕ. ಎಲ್ಲಿ ಕೊಯ್ದೆ ಅಂತ ಕೇಳ್ಬೇಕಿತ್ತು. ಓದಿದೋನು ನಾನು."

"ನೀನು ಬಂದಿದ್ದು ಒಂದಿನ ಕಣ್ಲಾ. ನಾನು ದಿನಾ ತಂದೆ."

ಬೂಸಾದಲ್ಲಿ ಔಷಧಿ ಬೆರೆಸಿ ಉಳಿದವಕ್ಕೆಲ್ಲ ಕೊಟ್ಟೆವು. ಮಿಕ್ಕ ಜಿಂಕೆಗಳೆಲ್ಲ ಬದುಕಿದವು. ಕುರಿ ಕಾಲಿಡದ ಜಾಗದಲ್ಲಿ ಹಸಿಮೇವು ಬೆಳೆಸುವ ಏರ್ಪಾಡೂ ಆಯಿತು. ಆದರೆ ಅಕ್ಕ ಮಾತ್ರ ಕೇಳಿಕೊಂಡು ಗೇಟಿನ ಟಿಕೆಟ್ ಕೆಲಸಕ್ಕೆ ಹೋಗಿಬಿಟ್ಟಳು. ಅವಳ ದನಿ ಕೇಳಿದರೆ ಜಿಂಕೆಗಳು ಇಂದಿಗೂ ಬೇಲಿಯ ಹತ್ತಿರ ಬಂದು ನಿಲ್ಲುತ್ತವೆ. ಅದಕ್ಕೇ ಜನರ ಜೊತೆ ಮೆಲ್ಲಗೆ ಮಾತಾಡುತ್ತಾಳೆ.

ಕಳೆದ ಸಲ ಊಟಕ್ಕೆ ಕೂತಾಗ ಕೇಳಿದಳು: "ತಿನ್ನೋವಾಗ ಅದಕ್ಕೇನೂ ಗೊತ್ತಾಗಿರಲ್ವೇನ್ಲಾ?"

"ಇಲ್ಲಕ್ಕ. ರುಚಿಯಾಗೇ ಇತ್ತು ಅದಕ್ಕೆ" ಎಂದೆ.

ಸಮಾಧಾನ ಹೇಳಲು ಹೋಗಿ ಅಂದ ಮಾತು. ಅಕ್ಕ ತಟ್ಟೆ ಬಿಟ್ಟು ಎದ್ದು ಹೋದಳು.