ಒಂದೇ ಉಸಿರಿನ ಅರ್ಥಶಾಸ್ತ್ರ

ವಿಠೋಬ ಸರ್‌ಗೆ ಸಿಟ್ಟು ಬಂದರೆ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಇಳಿದ ಧ್ವನಿ ಕೇಳಲು ಇಡೀ ಸ್ಟಾಫ್ ರೂಮ್ ಸುಮ್ಮನಾಗಬೇಕಿತ್ತು. ಆಮೇಲೆ ಪ್ರಿನ್ಸಿಪಾಲರಿಗೂ ತಪ್ಪಿಸಿಕೊಳ್ಳುವ ದಾರಿ ಇರುತ್ತಿರಲಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಸಿಟ್ಟು ನುಂಗುವುದೇ ಮ್ಯಾನರ್ಸ್ ಎಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಸಿಟ್ಟಿಗೂ ಒಂದು ಡಿಗ್ನಿಟಿ ಇದೆ ಎಂದು ತೋರಿಸಿದವರು ಅವರ್ಸಾ ಊರಿನ ಈ ಮನುಷ್ಯ.

ಕಾರವಾರದ ನಮ್ಮ ಕಾಲೇಜಿನಲ್ಲಿ ನಾನು ಇಂಗ್ಲಿಷ್, ಅವರು ಅರ್ಥಶಾಸ್ತ್ರ. ಜೊತೆಗೆ ಆಟದ ಮಕ್ಕಳ ಓದಿನ ಜವಾಬ್ದಾರಿಯನ್ನೂ ಅವರ ಕೊರಳಿಗೆ ಕಟ್ಟಿದ್ದರು. ಕಬಡ್ಡಿ, ವಾಲಿಬಾಲ್ ಎಂದು ಟರ್ಮಿನ ಅರ್ಧ ಊರೂರು ತಿರುಗುವ ಮಕ್ಕಳು. ಶೀಲ್ಡ್ ತಂದ ದಿನ ಹಾರ. ಫೇಲಾದ ದಿನ, ಆಟದವರಿಗೆ ತಲೆ ಎಲ್ಲಿರುತ್ತದೆ ಎಂಬ ಮಾತು. ಸರ್ ಮೆಲ್ಲಗೆ ಕೇಳುತ್ತಿದ್ದರು: "ತಲೆ ಇಲ್ದಿದ್ರೆ ಹಾರ ಎಲ್ಲಿಂದ ತೂರ್ಸಿದ್ರಿ?"

ತಂಡದ ಬಸ್ಸಿನಲ್ಲಿ ಅವರೂ ಹೋಗುತ್ತಿದ್ದರು, ಸೀಟಿನಿಂದ ಸೀಟಿಗೆ ಪಾಠ ಹೇಳುತ್ತ. ಪ್ರ್ಯಾಕ್ಟೀಸಿನಲ್ಲಿ ಇನ್ನೊಂದು ಉಪಾಯ ಹೂಡಿದ್ದರು. ರೇಡಿಗೆ ಹೋಗುವವರು ಉಸಿರು ಬಿಡದೆ 'ಕಬಡ್ಡಿ ಕಬಡ್ಡಿ' ಎನ್ನಬೇಕಲ್ಲ, ಅದರ ಬದಲು ಒಂದು ಡೆಫಿನಿಷನ್ ಹೇಳಬೇಕು. ಕೋಚ್ ಗೊಣಗಿದರು. ಮಕ್ಕಳು ಪಾಸಾದರು.

ಹಟ್ಟಿಕೇರಿಯ ಸುಗಂಧಾ ನಮ್ಮ ಒಳ್ಳೆಯ ರೇಡರ್. ಡಿಗ್ರಿ ಮುಗಿದರೆ ಪಿ.ಟಿ. ಟೀಚರ್, ಮುಗಿಯದಿದ್ದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನ. ಅರ್ಥಶಾಸ್ತ್ರ ಒಮ್ಮೆ ಹೋಗಿತ್ತು. ಟೂರ್ನಮೆಂಟಿನ ಫೈನಲ್ಲಿನಲ್ಲಿ, ಕೊನೆಯ ರೇಡಿಗೆ ಹೋದಾಗ, ರೂಢಿಯ ಮೇಲೆ, ಅವಳ ಬಾಯಿಂದ 'ಬೆಲೆ ಹೆಚ್ಚಾದಂತೆ ಬೇಡಿಕೆ ಕಡಿಮೆಯಾಗುತ್ತದೆ' ಎಂದು ಬಂದುಬಿಟ್ಟಿತು. ಅಂಪೈರ್ ಸೀಟಿ ಊದಿ ಎದುರಿನವರಿಗೆ ಪಾಯಿಂಟ್ ಕೊಟ್ಟರು. ಶೀಲ್ಡ್ ಹೋಯಿತು.

ಆಡಳಿತ ಮಂಡಳಿಯ ಅಧ್ಯಕ್ಷರು ನಮ್ಮೆಲ್ಲರ ಎದುರಿಗೇ ಸರ್‌ಗೆ ಬೈದರು. ಇನ್ನು ಆಟದ ಮಕ್ಕಳಿಗೆ ನಿಮ್ಮ ಪಾಠ ಬೇಡ, ಕಾಲೇಜಿನಲ್ಲಂತೂ ಕೂಡದು ಎಂದರು. ಸರ್ ಧ್ವನಿ ಇಳಿಯಿತು.

"ಪಾಯಿಂಟ್ ಹೋದದ್ದು ಹೌದು. ಅವ್ಳು ಹೇಳಿದ್ರಲ್ಲಿ ತಪ್ಪು ಎಂತ ಇತ್ತು?"

ಅಧ್ಯಕ್ಷರು ಎದುರಿನ ಫೈಲು ತಿರುವತೊಡಗಿದರು. ಸರ್ ಬಿಡಲಿಲ್ಲ.

"ನಿಮ್ಮ ಶೀಲ್ಡ್ ಹಿಡ್ಕಂಡು ಅವ್ಳು ಯಾವ ಶಾಲೆಗೆ ಕೆಲ್ಸ ಕೇಳೂಕೆ ಹೋಗ್ಬೇಕು?"

ಅಂದಿನಿಂದ ಪಾಠ ಕೋಡಿಬಾಗದ ಅವರ ಮನೆಯ ಜಗಲಿಗೆ ಬಂತು. ಒಂದು ಸಂಜೆ ನಾನೂ ಹೋಗಿದ್ದೆ. ಸುಗಂಧಾ ಗಡಗಡ ಒಪ್ಪಿಸುತ್ತಿದ್ದಳು. "ನಿಧಾನ ಹೇಳು ಮಾರಾಯ್ತಿ, ಇಲ್ಲಿ ನಿನ್ನ ಕಾಲು ಹಿಡಿಯೋರು ಯಾರೂ ಇಲ್ಲ" ಎಂದರು. ಆ ವರ್ಷ ಅವಳು ಪಾಸಾದಳು. ಈಗ ಅಂಕೋಲೆಯಲ್ಲಿ ಪಿ.ಟಿ. ಟೀಚರ್. ಅವಳಿಗೆ ಕೆಲಸ ಸಿಕ್ಕಾಗ ಕಾಲೇಜು ಹಾಕಿದ ಬ್ಯಾನರಿನಲ್ಲಿ ಅವಳ ಪಕ್ಕ ಅಧ್ಯಕ್ಷರ ಫೋಟೋ ಇತ್ತು, ಕೋಚ್ ಫೋಟೋ ಇತ್ತು. ವಿಠೋಬ ಸರ್ ಹೆಸರೂ ಇರಲಿಲ್ಲ. ಶೇಮ್‌ಲೆಸ್ ಜನ.

ಈ ವರ್ಷ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಅದೇ ಅಧ್ಯಕ್ಷರು ಅವರನ್ನು ಮಹಾನ್ ಕ್ರೀಡಾಪ್ರೇಮಿ ಎಂದು ಮೈಕಿನಲ್ಲಿ ಹೊಗಳಿದರು. ಗೆದ್ದವರು ಯಾರೆಂದು ಕೇಳುವ ಕ್ಯೂರಿಯಾಸಿಟಿಯೂ ವಿಠೋಬ ಸರ್‌ಗೆ ಇರಲಿಲ್ಲ. ಮಕ್ಕಳು ಪಾಸಾಗಬೇಕು, ಅಷ್ಟೇ.

ಸಭೆಯಲ್ಲಿ ಆಟದ ಮಕ್ಕಳು ಒಬ್ಬರೂ ಕಾಣಲಿಲ್ಲ. ಟೂರ್ನಮೆಂಟಿಗೆ ಹೋಗಿದ್ದಾರಂತೆ. ಮುಂದಿನ ವಾರ ಪರೀಕ್ಷೆ. ಪಾಠ ಹೇಳಲು ಜೊತೆಗೆ ಯಾರನ್ನು ಕಳಿಸಿದ್ದೀರಿ ಎಂದು ಎದ್ದು ನಿಂತು ಕೇಳಿದೆ.

"ಕೋಚ್ ಇದ್ದಾರಲ್ಲ ಮೇಡಂ" ಎಂದರು ಪ್ರಿನ್ಸಿಪಾಲರು.

ಅಷ್ಟರಲ್ಲಿ ಮೌನಾಚರಣೆ ಎಂದು ಕೂಗಿದರು. ಎಲ್ಲರೂ ಎದ್ದರು. ನಾನು ಕುಳಿತುಕೊಂಡೆ.