ಗುಡ್ಡ ಹತ್ತದ ಮಳೆನೀರು

ಎತ್ತರ ಬದಲಾದಂತೆ ಮಳೆನೀರಿನ ಗುಣ ಹೇಗೆ ಬದಲಾಗುತ್ತದೆ ಎಂದು ನೋಡುವ ಯೋಜನೆಯಲ್ಲಿ ನಾನು ಸಹಾಯಕ, ನಮ್ಮ ಸರ್ ಮೇಲ್ವಿಚಾರಕರು. ಗುಡ್ಡದ ಬುಡದ ನಿಟ್ಟೂರಿನಲ್ಲಿ ಒಂದು, ಕೊಡಚಾದ್ರಿಯ ಮೇಲೆ ಒಂದು ಬಾಟಲಿಯನ್ನು ಊರಿನವರ ಕೈಲಿ ಇಡಿಸಿದ್ದೆವು. ಬೇಸಿಗೆಯ ಧೂಳನ್ನೆಲ್ಲ ತೊಳೆದು ತರುವ ಮೊದಲ ಮಳೆಯ ನೀರು ವರ್ಷಕ್ಕೊಮ್ಮೆ ಮಾತ್ರ ಸಿಗುತ್ತದೆ.

ಅವರಿಗೆ ಕಾಡಿನಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳದ ಭಯ. ದಿನವೂ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಮಂಡಿಯವರೆಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು, ನಿಟ್ಟೂರಿನ ಹೋಟೆಲಿನಲ್ಲಿ ಕೂತುಬಿಡುತ್ತಿದ್ದರು. ಕೇಳಿದರೆ ಒಂದೇ ಮಾತು: "ಮಳೆಗೆ ಎಂತ ಗೊತ್ತು ಮಾರಾಯ, ತಾನು ಎಲ್ಲಿ ಬಿದ್ದೆ ಅಂತ?"

ಮೊದಲ ಮಳೆ ಬಿದ್ದ ಮರುದಿನವೂ ಅದೇ ಸಿದ್ಧತೆ, ಅದೇ ಚಹಾ.

"ಸರ್, ಹೊರಡೋಣ. ಸಂಜೆ ಮತ್ತೆ ಮಳೆ ಬಂದ್ರೆ ಎರಡೂ ನೀರು ಬೆರ್ತು ಹೋಗ್ತದೆ."

"ಮಳೆಗೆ ಎಂತ ಗೊತ್ತು ಮಾರಾಯ?"

"ಹಾಗಾದ್ರೆ ನಾನೊಬ್ನೇ ಹೋಗ್ಬರ್ತೀನಿ."

"ಒಬ್ರೇ ಹೋಗಂಗಿಲ್ಲ. ರೂಲ್ಸು."

ನಿಟ್ಟೂರಿನ ನೀರಿನಲ್ಲೇ ಅರ್ಧವನ್ನು ಖಾಲಿ ಬಾಟಲಿಗೆ ಸುರಿದು, ಅದರ ಮೇಲೆ ದುಂಡಗೆ 'ಕೊಡಚಾದ್ರಿ' ಎಂದು ಬರೆದರು. ಸಂಜೆ ಜೋರು ಮಳೆ ಬಂತು. ಗುಡ್ಡದ ಮೇಲಿನ ಮೊದಲ ಮಳೆ ಆ ವರ್ಷಕ್ಕೆ ನಮ್ಮ ಕೈತಪ್ಪಿತು.

ಎರಡೂ ಬಾಟಲಿಗಳ ನೀರು ಒಂದೇ ರೀತಿ ಇದೆ ಎಂದು ಪ್ರಯೋಗಾಲಯದಿಂದ ಉತ್ತರ ಬಂತು. ಬಾರದೆ ಏನು? ಸಾಗರದಲ್ಲಿ ನಡೆದ ಸಭೆಯಲ್ಲಿ ಅವರು ಅದನ್ನೇ ಹೊಸ ಸಂಶೋಧನೆಯೆಂದು ಸಾರಿದರು: ಎತ್ತರಕ್ಕೂ ಮಳೆನೀರಿನ ಗುಣಕ್ಕೂ ಸಂಬಂಧವೇ ಇಲ್ಲ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು.

ಆ ರಾತ್ರಿ ತಾರೀಖು ಹಾಕಿ ದಿನಚರಿಯಲ್ಲಿ ಬರೆದೆ: ಇವತ್ತು ಸರ್ ವೇದಿಕೆ ಹತ್ತಿದರು. ಈ ವರ್ಷ ಅವರು ಮುಟ್ಟಿದ ಅತಿ ಎತ್ತರದ ಜಾಗ ಅದೇ.