ಸಂಕಪ್ಪಣ್ಣ ತೋರಿಸಿದ ಬೊಟ್ಟಿನ ಜಾಗ

ಕುದ್ರೋಳಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಹಲಸಿನ ಮರದ ಕೆಳಗೆ ತಗಡಿನ ಮಾಡು ಹಾಕಿಕೊಂಡು ಸಂಕಪ್ಪಣ್ಣ ಕಾರು ರಿಪೇರಿ ಮಾಡುತ್ತಾರೆ. ಬೋರ್ಡು ಇಲ್ಲ. ನಾಲ್ಕನೇ ಕ್ಲಾಸಿನ ನಂತರ ಬಂದರಿನ ಲಾರಿಯೊಂದಕ್ಕೆ ಕ್ಲೀನರ್ ಆಗಿ ಸೇರಿದವರು, ಘಟ್ಟದ ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳ ಅಡಿಯಲ್ಲಿ ಮಲಗಿ ಇಂಜಿನ್ ಕೆಲಸ ಕಲಿತರು. ಈಗ ಐವತ್ತು ದಾಟಿದೆ. ಹಿಂದಿನ ದಿನ ಕಾರಿಗೆ ಏನೇನು ಮಾಡಿದ್ದೀರಿ ಎಂದು ಕೇಳದೆ ಅವರು ಯಾವ ಸ್ಕ್ರೂವನ್ನೂ ಬಿಚ್ಚುವುದಿಲ್ಲ. ಉತ್ತರ ಮುಗಿಯುವವರೆಗೆ ಕಾಯುತ್ತಾರೆ. ಇದಕ್ಕೇ ಕೆಲವರು ಅವರನ್ನು ನಿಧಾನದ ಮನುಷ್ಯ ಎನ್ನುವುದುಂಟು.

ಎರಡು ವರ್ಷದ ಹಿಂದೆ, ಎಂಬತ್ತೆರಡರ ವಿಜಯದಶಮಿಯ ಬೆಳಿಗ್ಗೆ, ನಮ್ಮ ಅಪ್ಪ ಮಹಾಬಲರ ಟ್ಯಾಕ್ಸಿ ಸ್ಟಾರ್ಟ್ ಆಗಲಿಲ್ಲ. ಅದು ಅರವತ್ತನಾಲ್ಕನೇ ಇಸವಿಯ ಅಂಬಾಸಿಡರ್. ಅದಕ್ಕಾಗಿ ಅಂಗಳದಲ್ಲಿ ಕಾಯುತ್ತಿದ್ದವರು ಪಕ್ಕದ ಮನೆಯ ಮಟಿಲ್ಡಾ ಬಾಯಿ. ಅವರು ಕೆಲಸ ಮಾಡುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿತ್ತು. ಕುವೈತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಹನ್ನೊಂದೂವರೆಗೆ ಬಜಪೆಯಿಂದ ಬೊಂಬಾಯಿಗೆ ವಿಮಾನ. ಆ ವಿಮಾನ ತಪ್ಪಿದರೆ ಏಜೆಂಟ್ ಅದೇ ರಾತ್ರಿ ಬೇರೆಯವರನ್ನು ಕಳಿಸುತ್ತಾನೆ ಎಂದು ಕಾಗದದಲ್ಲೇ ಬರೆದಿತ್ತು. ಅವರ ಮಗಳು ಡುಲ್ಸಿನ್ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಹಬ್ಬದ ದಿನ ಬೇರೆ ಟ್ಯಾಕ್ಸಿ ಸಿಗುವ ಹಾಗಿರಲಿಲ್ಲ.

ಎಂಟೂಕಾಲಿಗೆ ಸಂಕಪ್ಪಣ್ಣ ಬಂದರು.

"ನಿನ್ನೆ ಕಾರಿಗೆ ಎಂತ ಮಾಡಿದ್ದು ಮಾಬಲ?"

"ಎಂತದೂ ಇಲ್ಲ ಮಾರಾಯ್ರೆ. ತೊಳೆದು ಆಯುಧಪೂಜೆ ಮಾಡಿದ್ದು. ಪೂಜೆ ಮಾಡಿದ್ರೆ ಕಾರು ಹಾಳಾಗ್ತದಾ?"

ಸಂಕಪ್ಪಣ್ಣ ಬಾನೆಟ್ ಎತ್ತಿದರು. ಪೆಟ್ರೋಲ್ ಬರುತ್ತಿದೆಯೇ ಎಂದು ನೋಡಿದರು, ಬರುತ್ತಿತ್ತು. ಒಂದು ಪ್ಲಗ್ಗಿನ ವಯರ್ ಬಿಚ್ಚಿ ತುದಿಯನ್ನು ಇಂಜಿನ್ನಿಗೆ ಹತ್ತಿರ ಹಿಡಿದು, ಸೆಲ್ಫ್ ಹಾಕಲು ಅಪ್ಪನಿಗೆ ಹೇಳಿದರು. ಇಂಜಿನ್ ತಿರುಗಿತು, ಆದರೆ ವಯರ್ ತುದಿಯಲ್ಲಿ ಕಿಡಿ ಬರಲಿಲ್ಲ. ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ವಯರನ್ನು ಹಾಗೆಯೇ ಹಿಡಿದಾಗ ನೀಲಿ ಕಿಡಿ ಚಟ್ಟೆಂದಿತು. ಅಂದರೆ ಕಿಡಿ ಹುಟ್ಟುತ್ತಿತ್ತು, ಪ್ಲಗ್ಗಿಗೆ ತಲುಪುತ್ತಿರಲಿಲ್ಲ. ಇವೆರಡರ ನಡುವೆ ಇರುವುದು ಡಿಸ್ಟ್ರಿಬ್ಯೂಟರ್. ಕಿಡಿಯನ್ನು ನಾಲ್ಕು ಪ್ಲಗ್ಗುಗಳಿಗೆ ಹಂಚುವುದು ಅದೇ. ಅದರ ಮೇಲೊಂದು ಕಪ್ಪು ಟೋಪಿ, ಟೋಪಿಗೆ ಐದು ವಯರ್: ಕಾಯಿಲಿನದು ಒಂದು, ಪ್ಲಗ್ಗುಗಳದು ನಾಲ್ಕು.

ಸಂಕಪ್ಪಣ್ಣ ಬಗ್ಗಿ ಆ ಟೋಪಿಯನ್ನು ನೋಡಿದರು. ನಂತರ ತಲೆ ಎತ್ತಿ, "ಮಾಬಲ, ನೀನು ಬಾಯಿಯ ಪೆಟ್ಟಿಗೆಯನ್ನು ಕಾರಿನ ಮೇಲೆ ಕಟ್ಟು. ಹಗ್ಗ ಗಟ್ಟಿ ಇರ್ಲಿ" ಎಂದರು. ಅಪ್ಪ ಹಗ್ಗ ತರಲು ಹಿತ್ತಿಲಿಗೆ ಹೋದರು.

ಆಗ ಅವರು ನನ್ನ ಕಡೆ ತಿರುಗಿದರು. ನಾನು ಜನರ ಎದುರು ಮಾತನಾಡುವುದು ಕಡಿಮೆ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟದ್ದಕ್ಕೆ ಅದೂ ಒಂದು ಕಾರಣ.

"ಇಲ್ಲಿ ಗಂಧ ಕಾಣ್ತದೆ. ಒಳಗೆ ನೀರು ಹೋಗಿದೆಯಾ ಅಂತ ನನಗೆ ಗೊತ್ತಾಗ್ಬೇಕು. ಮೊದಲಿಂದ ಹೇಳು, ಗಡಿಬಿಡಿ ಇಲ್ಲ."

ವಿಮಾನಕ್ಕೆ ಗಡಿಬಿಡಿ ಇತ್ತು. ಆದರೂ ಅವರು ಹಾಗೆ ಹೇಳಿ ಕಾದದ್ದರಿಂದ ನನಗೆ ಹೇಳಲು ಸಾಧ್ಯವಾಯಿತು. ಅಪ್ಪ ಹೊರಗಿನಿಂದ ತೊಳೆದು ಸ್ನಾನಕ್ಕೆ ಹೋದ ಮೇಲೆ ಅಪ್ಪನ ತಾಯಿ ದೇಯಿ ಅಜ್ಜಿ ನನ್ನಿಂದ ಬಾನೆಟ್ ತೆರೆಸಿದ್ದು, ಒಳಗೂ ಎರಡು ತಂಬಿಗೆ ನೀರು ಹಾಕಿದ್ದು, ನಾನು ತೇದುಕೊಟ್ಟ ಗಂಧವನ್ನು ಮೂರು ಬೆರಳಿನಿಂದ ಆ ಟೋಪಿಗೆ ಎಳೆದು ಮೇಲೆ ಕುಂಕುಮ ಇಟ್ಟದ್ದು, ಎಲ್ಲವನ್ನೂ ಬಿಡದೆ ಹೇಳಿದೆ.

"ಸರಿಯಾಗಿ ಹೇಳಿದೆ," ಎಂದು ಅವರು ಟೋಪಿ ಬಿಚ್ಚಿದರು. ಒಳಗೆ ಬೆವರಿನಂತೆ ನೀರಿನ ಹನಿಗಳಿದ್ದವು. ಅದನ್ನು ಬಟ್ಟೆಯಲ್ಲಿ ಮುಚ್ಚಿ ಹಿಡಿದು ನೇರ ಅಡುಗೆಮನೆಗೆ ನಡೆದರು.

"ದೇಯಕ್ಕ, ಒಲೆ ಬಿಸಿ ಉಂಟಾ? ಇದನ್ನು ಬೂದಿಯ ಬದಿಯಲ್ಲಿ ಸ್ವಲ್ಪ ಇಡ್ಬೇಕು. ಬೆಂಕಿಗೆ ತಾಗ್ಬಾರ್ದು."

ಅಜ್ಜಿ ಗಂಧದ ಗುರುತು ನೋಡಿದ ಕೂಡಲೇ ಕುಳಿತುಬಿಟ್ಟರು. "ನಾನೇ ಹಾಳು ಮಾಡಿದ್ದಾ? ಅಯ್ಯೋ, ಆ ಬಾಯಿಯ ವಿಮಾನ."

"ಹಾಳಾಗ್ಲಿಲ್ಲ. ಒದ್ದೆ ಆಗಿದೆ. ಇಲ್ಲಿಗೇ ಯಾಕೆ ಇಟ್ಟದ್ದು ನೀವು?"

"ತಲೆ ಹಾಗೆ ಕಂಡಿತು ಮಾರಾಯ. ಐದು ಜಡೆ ಬೇರೆ. ಇವನೇ ಯಜಮಾನ ಅಂತ ಎಣಿಸಿದೆ."

"ಯಜಮಾನ ಹೌದು. ನೀವು ಗುರುತು ಹಿಡಿದದ್ದು ಸರಿ. ಆದ್ರೆ ಇವನಿಗೆ ಸ್ನಾನ ಆಗುದಿಲ್ಲ, ನಮ್ಮ ಮಾಬಲನ ಹಾಗೆ."

ಅಜ್ಜಿಗೆ ಕಣ್ಣಲ್ಲಿ ನೀರಿದ್ದರೂ ನಗು ಬಂತು. ಟೋಪಿ ಒಣಗುವಷ್ಟು ಹೊತ್ತು ಅವರೇ ಅದನ್ನು ರೊಟ್ಟಿಯ ಹಾಗೆ ತಿರುಗಿಸಿ ತಿರುಗಿಸಿ ಇಟ್ಟರು. ಸಂಕಪ್ಪಣ್ಣ ಅಷ್ಟರಲ್ಲಿ ಡಿಸ್ಟ್ರಿಬ್ಯೂಟರಿನ ಒಳಗನ್ನು ಒರಸಿ, ಮತ್ತೆ ಒಣಗಿದ ಟೋಪಿಯ ಮೇಲೆ ಗಂಧದ ಒಂದು ಗೆರೆಯೂ ಉಳಿಯದಂತೆ ಉಜ್ಜಿ ಕೂಡಿಸಿದರು. ಗಂಧದ ಗೆರೆ ತೇವವಾಗಿದ್ದರೆ ಕಿಡಿ ಅದರ ಮೇಲೇ ಹರಿದು ಹೋಗುತ್ತದೆ ಎಂದು ಆಗ ನನಗೆ ತೋರಿಸಿದರು.

ಒಂಬತ್ತು ಗಂಟೆಗೆ ಅಪ್ಪ ಸೆಲ್ಫ್ ಹಾಕಿದರು. ಎರಡನೇ ಸಲಕ್ಕೆ ಇಂಜಿನ್ ಹಿಡಿಯಿತು. ಮಟಿಲ್ಡಾ ಬಾಯಿ ಶಿಲುಬೆ ಗುರುತು ಮಾಡಿ ಹತ್ತಿ ಕುಳಿತರು.

"ಎಂತ ಆಗಿತ್ತು?" ಎಂದು ಅಪ್ಪ ಕಿಟಕಿಯಿಂದ ಕೇಳಿದರು.

"ತೇವ," ಎಂದರು ಸಂಕಪ್ಪಣ್ಣ. ಅಷ್ಟೇ. ಇಂದಿಗೂ ಅಪ್ಪನಿಗೆ ಅಷ್ಟೇ ಗೊತ್ತು.

ವಿಮಾನ ಸಿಕ್ಕಿತು. ಈಗ ಡುಲ್ಸಿನ್ ಕಾನ್ವೆಂಟ್ ಶಾಲೆಗೆ ಹೋಗುತ್ತಾಳೆ. ತಾಯಿಯ ಕಾಗದ ಬಂದಾಗ ಸಂಕಪ್ಪಣ್ಣನಿಗೆ ಬರೆದ ಎರಡು ಸಾಲನ್ನು ಓದಿ ಹೇಳಲು ಮೊದಲು ಹಲಸಿನ ಮರದ ಕೆಳಗೆ ಓಡುತ್ತಾಳೆ.

ಮರುವರ್ಷದ ಆಯುಧಪೂಜೆಗೆ ಅಜ್ಜಿ ಗಂಧದ ಬಟ್ಟಲು ಹಿಡಿದು, ಸಂಕಪ್ಪ ಬಾರದೆ ಆರಂಭವಿಲ್ಲ ಎಂದು ನಿಂತರು.

"ಪೂಜೆಗೆ ಭಟ್ರನ್ನು ಕರೀತಾರೆ. ನೀವು ಮೆಕ್ಯಾನಿಕನ್ನು ಕರೀತೀರಲ್ಲ," ಎಂದು ಅಪ್ಪ ಗೊಣಗಿದರು.

ಸಂಕಪ್ಪಣ್ಣ ಕೈ ತೊಳೆದು ಬಂದರು. ಅಜ್ಜಿ ತೆರೆದ ಬಾನೆಟ್ಟಿನೊಳಗೆ ಒಂದು ಕಡೆ ಬೆರಳು ತೋರಿಸಿ, "ಇಲ್ಲಿ?" ಎಂದರು.

"ಬೇಡ ದೇಯಕ್ಕ."

"ಇಲ್ಲಿ?"

"ಅಲ್ಲಿಯೂ ಬೇಡ." ಅವರು ಗಾಳಿ ಸೋಸುವ ದೊಡ್ಡ ದುಂಡು ಡಬ್ಬಿಯ ಮುಚ್ಚಳ ಮುಟ್ಟಿದರು. "ಇಲ್ಲಿ ಇಡಿ. ಎಷ್ಟು ದೊಡ್ಡದಾದ್ರೂ ಅಡ್ಡಿಲ್ಲ."

ಅಜ್ಜಿ ಅಂಗೈಯಷ್ಟು ಅಗಲ ಗಂಧ ಹಚ್ಚಿದರು. ಬೆರಳಲ್ಲಿ ಉಳಿದದ್ದನ್ನು ಸಂಕಪ್ಪಣ್ಣನ ಸ್ಪ್ಯಾನರಿಗೆ ಇಟ್ಟರು.

ಈ ವರ್ಷವೂ ಗಂಧ ತೇಯುವುದು ನಾನೇ. ನೀರು ಸ್ವಲ್ಪ ಕಡಿಮೆ ಹಾಕುತ್ತೇನೆ.